ಮೀಟಿಂಗ್ ‘ಪುಟ್ ಆಫ್’ ಅಂದರೆ ರದ್ದಾಯಿತು ಅಂತಲಾ?

ಪ್ರಶ್ನೆ: ಮೇಡಂ, ಮೊನ್ನೆ ನಮ್ಮ ಮ್ಯಾನೇಜರ್ ‘ಟುಡೇಸ್ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್’ ಅಂತ ಮೆಸೇಜ್ ಹಾಕಿದರು. ಲೈಟ್ ಆಫ್ ಆದ ಹಾಗೆ ಮೀಟಿಂಗೂ ಆಫ್ ಅಂದುಕೊಂಡು ಸುಮ್ನೆ ಕೂತೆ. ಮರುದಿನ ಬೆಳಿಗ್ಗೆ ಕರೆದೇ ಬಿಟ್ಟರು, ನನ್ನ ಹತ್ತಿರ ರಿಪೋರ್ಟೇ ಇಲ್ಲ! ನಾನು ತಪ್ಪಿದ್ದೆಲ್ಲಿ?

ಉತ್ತರ (ಇಂಗ್ಲಿಷ್ ಶಿಕ್ಷಕಿ): ‘ಆಫ್’ ಒಂದನ್ನೇ ಹಿಡಿದುಕೊಂಡಿರಿ, ಎಡವಟ್ಟಾಗಿದ್ದು ಅಲ್ಲೇ. ರದ್ದಾಗಿದ್ದರೆ ‘ಕಾಲ್ಡ್ ಆಫ್’ ಅಂತ ಬರೆಯುತ್ತಿದ್ದರು. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕಿದ್ದಾರೆ ಅಷ್ಟೇ. ಇಂಥ ಜೋಡಿಗಳನ್ನು ಬಿಡಿಸಿ ನೋಡಬಾರದು. ‘ಅವನು ಕೈಕೊಟ್ಟ’ ಅಂದಾಗ ನಾವು ಕೈ ಎಲ್ಲಿ ಅಂತ ಹುಡುಕುತ್ತೇವಾ?

ಬಳಸುವಾಗ ಜಾಸ್ತಿ ಜನ ತಪ್ಪುವುದು ಎರಡು ಕಡೆ. ಇದರ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು: ‘ಐ ಕೀಪ್ ಪುಟಿಂಗ್ ಆಫ್ ಕಾಲಿಂಗ್ ದ ಡೆಂಟಿಸ್ಟ್’. ‘ಟು ಕಾಲ್’ ಅಲ್ಲ. ಇನ್ನೊಂದು, ‘ಇಟ್’ ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಿರುತ್ತದೆ. ‘ದ ಮೀಟಿಂಗ್’ ಥರದ ನಾಮಪದವಾದರೆ ನಡುವೆ ಇಡಿ, ಕೊನೆಗೆ ಇಡಿ, ಎರಡೂ ಸರಿ.

ಅಂದಹಾಗೆ, ‘ದ ಸ್ಮೆಲ್ ಪುಟ್ ಮಿ ಆಫ್’ ಅಂತ ಕೇಳಿದರೆ ಗಾಬರಿಯಾಗಬೇಡಿ. ಯಾರೂ ನಿಮ್ಮನ್ನು ನಾಳೆಗೆ ಹಾಕುತ್ತಿಲ್ಲ. ಆ ವಾಸನೆಗೆ ಮನಸ್ಸೇ ಕೆಟ್ಟಿತು, ಬೇಡ ಅನ್ನಿಸಿತು ಅಂತ ಅರ್ಥ.

ಇನ್ನೊಬ್ಬ ಸದಸ್ಯೆ: ಹಾಗಾದರೆ ‘ಬ್ರಿಂಗ್ ಫಾರ್ವರ್ಡ್’ ಅಂದರೂ ಮುಂದಕ್ಕೆ ಹಾಕೋದೇ ಅಲ್ವಾ ಮೇಡಂ?

ಉತ್ತರ: ಪೂರ್ತಿ ಉಲ್ಟಾ! ಶುಕ್ರವಾರದ ಮೀಟಿಂಗ್ ಬುಧವಾರಕ್ಕೇ ಬಂದರೆ ಅದು ‘ಬ್ರಾಟ್ ಫಾರ್ವರ್ಡ್’. ಕನ್ನಡದಲ್ಲಿ ಮದುವೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತ. ಅದೇ ‘ಮುಂದೆ’ಯನ್ನು ‘ಫಾರ್ವರ್ಡ್’ಗೆ ಅಂಟಿಸಿದರೆ ತಡವಾಗಿ ಹೋಗಿ ಖಾಲಿ ಕುರ್ಚಿ ನೋಡಿಕೊಂಡು ಬರುತ್ತೀರಿ. ಭಾರತದಲ್ಲಿ ಇದಕ್ಕೆ ‘ಪ್ರೀಪೋನ್’ ಅನ್ನುತ್ತೇವೆ. ನನಗಂತೂ ಆ ಪದ ಇಷ್ಟ, ಆದರೆ ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ವಾಸಿ. ‘ಮೂವ್ಡ್ ಫಾರ್ವರ್ಡ್’ ಅಂತ ಬಂದರೆ ಮಾತ್ರ ಯಾವ ದಿನ ಅಂತ ಕೇಳಿಬಿಡಿ. ಇಂಗ್ಲಿಷ್ ಮನೆಮಾತಿನವರೇ ಅದನ್ನು ಎರಡು ಥರ ಅರ್ಥ ಮಾಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ‘ಐ ಪುಟ್ ಆಫ್ ಟು ಆಸ್ಕ್ ದಿಸ್ ಕ್ವೆಶ್ಚನ್ ಫಾರ್ ಎ ವೀಕ್.’ ಸರಿನಾ?

ಉತ್ತರ: ‘ಆಸ್ಕಿಂಗ್’! ಉಳಿದದ್ದೆಲ್ಲ ಸರಿ.