47ರಲ್ಲಿ ಓಟ ಶುರು ಮಾಡಿದೆ, ಈಗ ಹಿಮ್ಮಡಿ ನೋವು. ಮ್ಯಾರಥಾನ್ ಆಸೆ ಬಿಡಬೇಕಾ?

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರದ ಕನ್ನಡ ಶಾಲೆಯಲ್ಲಿ ಟೀಚರ್ ನಾನು. ಕಳೆದ ವರ್ಷ ಶುಗರ್ ಗಡಿಯಲ್ಲಿದೆ ಅಂತ ಗೊತ್ತಾದ ಮೇಲೆ ಬೆಳಿಗ್ಗೆ ನಡೆಯಲು ಹೊರಟೆ. ಮಳೆ ನಿಂತ ಮೇಲೆ ಆ ನಡಿಗೆಯೇ ಓಟವಾಯಿತು. ಐದೂಕಾಲಿಗೆ ಹೊರಟರೆ ಅಡುಗೆಗೆ ಕೈ ಹಾಕುವ ಮೊದಲು 8 ಕಿಲೋಮೀಟರ್ ಮುಗಿಯುತ್ತದೆ. ಹಾಲಿನ ಸೊಸೈಟಿಗೆ ಬರುವವರು ಮೊದಲು "ಟೀಚರೇ, ಏನು ಅರ್ಜೆಂಟು?" ಅಂತ ಕೇಳುತ್ತಿದ್ದರು. ಈಗ "ಇವತ್ತು ಎಷ್ಟಾಯಿತು?" ಅನ್ನುತ್ತಾರೆ. ಅದು ಕೇಳಲು ನನಗೆ ತುಂಬ ಖುಷಿ.

ಮೂರು ವಾರದಿಂದ ಬಲ ಹಿಮ್ಮಡಿ ನೋಯುತ್ತಿದೆ. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರುವಾಗ ಸೂಜಿ ಚುಚ್ಚಿದ ಹಾಗೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ಕಮ್ಮಿ. ನಾಲ್ಕು ಪೀರಿಯಡ್ ನಿಂತು ಪಾಠ ಮಾಡಿದ ದಿನ ಸಂಜೆ ಮತ್ತೆ ಜಾಸ್ತಿ. ಇದು ಶುರುವಾಗುವ ಮೊದಲು ಒಂದು ಭಾನುವಾರ 8ರಿಂದ ಒಮ್ಮೆಲೇ 14ಕ್ಕೆ ಹೋಗಿದ್ದೆ. ಉಸಿರು ಒಂಚೂರೂ ಕಟ್ಟಿರಲಿಲ್ಲ, ಅದೇ ಧೈರ್ಯ.

ಐವತ್ತರ ಒಳಗೆ ಒಮ್ಮೆ ಪೂರ್ತಿ 42 ಓಡಬೇಕೆಂದು ಆಸೆ. ಮನೆಯಲ್ಲಿ "ಈ ಪ್ರಾಯದಲ್ಲಿ ಮೊಣಕಾಲು ಸವೆಯುತ್ತದೆ" ಅನ್ನುತ್ತಾರೆ. ನಿಲ್ಲಿಸಬೇಕಾ?

ಕುಂಬಳೆಯವ

ನಿಲ್ಲಿಸಬೇಡಿ ಟೀಚರೇ. ನಾನು 44ಕ್ಕೆ ಶುರು ಮಾಡಿದವ, ಇದೇ ನೋವಿನಲ್ಲಿ ಏಳು ತಿಂಗಳು ಕಳೆದಿದ್ದೇನೆ. ಆಮೇಲೆ ಮುಂಬೈಯಲ್ಲಿ ಎರಡು ಸಲ ಪೂರ್ತಿ ಓಡಿದೆ.

ನೀವು ಹೇಳುವ ಲಕ್ಷಣ ಪ್ಲಾಂಟಾರ್ ಫೇಸಿಯೈಟಿಸ್‌ನದ್ದು. ಹಿಮ್ಮಡಿ ಎಲುಬಿನಿಂದ ಬೆರಳಿನ ಬುಡದ ತನಕ ಅಂಗಾಲಿನಲ್ಲಿ ದಪ್ಪ ಪಟ್ಟಿಯೊಂದಿದೆ, ಅದು ನೊಂದಿರುವುದು. ಆದರೂ ಡಾಕ್ಟರಿಗೆ ತೋರಿಸಿ. ಎಲುಬು ಸಣ್ಣಗೆ ಬಿರುಕು ಬಿಟ್ಟರೂ ಅಲ್ಲೇ ನೋಯುತ್ತದೆ.

ನಿಮ್ಮ 14 ಕಿಲೋಮೀಟರಿನ ಭಾನುವಾರವೇ ಇದಕ್ಕೆ ಕಾರಣ ಅಂತ ನನಗನ್ನಿಸುತ್ತದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟಿದ ಹುರಿ, ಇವಕ್ಕೆಲ್ಲ ತಿಂಗಳುಗಟ್ಟಲೆ ಬೇಕು. ಉಸಿರನ್ನು ನಂಬಿ ದೂರ ಏರಿಸಬೇಡಿ, ಕಾಲನ್ನು ಕೇಳಿ ಏರಿಸಿ.

ನನಗೆ ಗುಣವಾದದ್ದು ಜಗಲಿಯ ಮೆಟ್ಟಿಲಿನಿಂದ. ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಮೆಟ್ಟಿಲ ಅಂಚಿನಲ್ಲಿಡಿ, ಕಾಲ್ಬೆರಳು ಅದರ ಮೇಲೆ, ಹಿಮ್ಮಡಿ ಹೊರಗೆ. ಗೋಡೆ ಹಿಡಿದುಕೊಂಡು ನೋವಿನ ಕಾಲಿನಲ್ಲೇ ನಿಲ್ಲಿ. ಮೂರು ಎಣಿಸುತ್ತ ಹಿಮ್ಮಡಿ ಏರಿಸಿ, ಎರಡು ಎಣಿಸುವಷ್ಟು ಹೊತ್ತು ತಡೆಯಿರಿ, ಮೂರು ಎಣಿಸುತ್ತ ಇಳಿಸಿ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಅವಸರ ಬೇಡ, ಫಲ ಕಾಣಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕಿ. ಬೇಕಲದ ಮರಳಿನಲ್ಲಿ ಓಡುವುದು ಸದ್ಯ ಬೇಡವೇ ಬೇಡ, ಹಿಮ್ಮಡಿ ಹುಗಿದು ಮೀನಖಂಡ ಎಳೆಯುತ್ತದೆ.

ಮೊಣಕಾಲಿನ ಮಾತು ಎಲ್ಲರ ಮನೆಯಲ್ಲೂ ಬರುತ್ತದೆ. ಹದವಾಗಿ ಓಡುವವರ ಮೊಣಕಾಲು ಕೂತೇ ಇರುವವರಿಗಿಂತ ಬೇಗ ಸವೆಯುತ್ತದೆ ಅನ್ನಲು ಆಧಾರ ಇಲ್ಲ. ಪಂಜಾಬಿನಲ್ಲಿ ಹುಟ್ಟಿದ ಓಟಗಾರ ಫೌಜಾ ಸಿಂಗ್ 2000ನೇ ಇಸವಿಯಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರಿಗೆ 89. ಮನೆಯವರಿಗೆ ಹೇಳಿ.

ಮಂಜೇಶ್ವರದ ಅಕ್ಕ

ನನಗೆ 52. ಟೀಚರೇ, ನಮ್ಮ ಪ್ರಾಯದ ಹೆಂಗಸರು ಇನ್ನೊಂದು ನೋಡಬೇಕು. ಮುಟ್ಟು ನಿಲ್ಲುವ ಹೊತ್ತಿಗೆ ಎಲುಬಿನ ಗಟ್ಟಿತನ ಕಮ್ಮಿಯಾಗುತ್ತಾ ಬರುತ್ತದೆ. ವಿಟಮಿನ್ ಡಿ ಒಮ್ಮೆ ನೋಡಿಸಿ. ಬಿಪಿ, ಇಸಿಜಿ ಕೂಡ, ದೂರ ಏರಿಸುವ ಮೊದಲೇ.

ಮತ್ತೆ ನಮ್ಮ ಕರಾವಳಿಯ ಸೆಕೆ. ಇಲ್ಲಿ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನವರ ವೇಗ ನೋಡಿ ಬೇಜಾರು ಮಾಡಬೇಡಿ. ಪಕ್ಕದವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ಓಡಿದರೆ ಸಾಕು. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋಗುವ ಉಪ್ಪು ಅದರಲ್ಲಿ ಕಮ್ಮಿ. ನಾನು ಉದ್ದದ ಓಟದ ದಿನ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಬಾಟ್ಲಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಅಪಾಯ.

ನೀರ್ಚಾಲು ಟೀಚರ್

ಇಬ್ಬರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಡಾಕ್ಟರಿಗೆ ತೋರಿಸಿದೆ, ಬಿರುಕು ಇಲ್ಲ, ಅದೇ ಪಟ್ಟಿಯ ನೋವು ಅಂದರು. ಸದ್ಯಕ್ಕೆ 4 ಕಿಲೋಮೀಟರ್, ಅದೂ ನಡುನಡುವೆ ನಡೆದು. ಇವತ್ತು ಬೆಳಿಗ್ಗೆ ಜಗಲಿ ಮೆಟ್ಟಿಲಲ್ಲಿ ಶುರು ಮಾಡಿದೆ. ಅತ್ತೆ ಅಡಿಕೆ ಸುಲಿಯುತ್ತಾ ಅಲ್ಲೇ ಕೂತಿದ್ದರು. ಎರಡನೇ ಸುತ್ತಿಗೆ ಅವರೇ ಎಣಿಸಿದರು.