ಅಮ್ಮನ ಮಂಡಿ ನೋವಿಗೆ ಗ್ಲುಕೋಸಮೈನ್, ಯಾವ ಡಬ್ಬಿ ನಂಬೋದು?

ವಿದ್ಯಾನಗರ, ದಾವಣಗೆರೆ
ಅಮ್ಮಂಗೆ 61, ಎರಡು ವರ್ಷದಿಂದ ಮಂಡಿ ನೋವು. ಎಕ್ಸ್‌ರೇ ನೋಡಿ ಡಾಕ್ಟ್ರು ಸವಕಳಿ ಈಗ ಶುರು ಆಗೈತೆ, ಆಪರೇಷನ್ ಏನೂ ಬ್ಯಾಡ ಅಂದು ಎಕ್ಸರ್‌ಸೈಜ್ ಚೀಟಿ ಕೊಟ್ರು, ಅದು ಕ್ಯಾಲೆಂಡರ್ ಹಿಂದೆ ಸಿಗಿಸಿದ್ದು ಅಲ್ಲೇ ಐತೆ. ಈಗ ಬೆಂಗಳೂರಿಂದ ಮಾವನ ಮಗ ಗ್ಲುಕೋಸಮೈನ್ ಅನ್ನೋ ಕೀಲು ನೋವಿನ ಮಾತ್ರೆ ಡಬ್ಬಿ ತಂದುಕೊಟ್ಟ, 1800 ರೂಪಾಯಂತೆ. ಮೂರು ದಿನ ತಗೊಂಡ್ಲು, ನಾಲ್ಕನೇ ದಿನ ನಾನು ಸುಮ್ನೆ ಹಿಂದ್ಗಡೆ ಓದಿದ್ರೆ ಇರುವೆ ಸೈಜ್ ಅಕ್ಷರದಲ್ಲಿ ಸೀಗಡಿ, ಏಡಿ ಚಿಪ್ಪಿಂದ ಮಾಡಿದ್ದು ಅಂತ ಐತೆ! ನಮ್ಮಮ್ಮ ಲಿಂಗಪೂಜೆ ಆಗ್ದೆ ಕಾಫಿನೂ ಕುಡಿಯಲ್ಲ ಕಣ್ರೀ. ಹೇಳ್ಬೇಕೋ ಬ್ಯಾಡ್ವೋ? ಪಕ್ಕದ್ಮನೆಯೋರು ಬೇರೆ ಯಾವ್ದೋ ಬೇರಿನ ಪುಡಿ ತರಿಸಿಕೊಡ್ತೀವಿ ಅಂತಿದಾರೆ. ಶುಗರ್, ಬಿಪಿ ಮಾತ್ರೆ ನಡೀತಾ ಐತೆ. ಯಾವುದನ್ನ ನಂಬೋದು ಹೇಳ್ರಪ್ಪ.

ಮೆಡಿಕಲ್ ಕೌಂಟರ್ ಹುಡ್ಗ
ದಿನಾ ಹತ್ತು ಜನ ಕೇಳ್ತಾರೆ ಇದನ್ನ. ಮೊದ್ಲು ಹಸಿರು ಚುಕ್ಕಿ ನೋಡ್ರಿ, ಮೆಕ್ಕೆಜೋಳದಿಂದ ಮಾಡಿದ ಗ್ಲುಕೋಸಮೈನೂ ಸಿಗುತ್ತೆ, ಕೇಳಿ ತಗೋಬೇಕು ಅಷ್ಟೇ. ಕೊಲ್ಯಾಜೆನ್ ಪುಡಿ ಅಂತ ಯಾರಾದ್ರೂ ತಂದ್ರೆ ಅದು ಹೆಚ್ಚಾಗಿ ಮೀನು, ದನ, ಇಲ್ಲಾ ಕೋಳಿಯದ್ದು. ಎರಡನೇದು, ಮುಂದೆ ದೊಡ್ಡದಾಗಿ 1500 ಎಂಜಿ ಅಂತ ಇರುತ್ತೆ, ಹಿಂದೆ ನೋಡಿದ್ರೆ ಅದು ಮೂರು ಮಾತ್ರೆ ಸೇರಿಸಿ ಲೆಕ್ಕ, ಅಂದ್ರೆ 60ರ ಡಬ್ಬಿ 20 ದಿನಕ್ಕೇ ಖಾಲಿ. ಯಾವ್ದು ಎಷ್ಟು ಎಂಜಿ ಅಂತ ಬಿಡಿಬಿಡಿಯಾಗಿ ಬರೀದೆ ಎಲ್ಲಾ ಸೇರಿಸಿ ಒಂದೇ ಮಿಶ್ರಣ ಅಂತ ಹಾಕಿದ್ರೆ ಕೆಳಗಿಟ್ಟು ಬನ್ನಿ. ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿ ನಂಬರ್ ಇರ್ಲೇಬೇಕು, ಆದ್ರೆ ಅದು ಲೈಸೆನ್ಸ್ ಮಾತ್ರ, ನೋವು ಹೋಗುತ್ತೆ ಅನ್ನೋ ಗ್ಯಾರಂಟಿ ಅಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಗ್ಲುಕೋಸಮೈನ್ ಮುಟ್ಲೇಬಾರ್ದು.

ದುರ್ಗದವ
ಪುಡಿ ಮಾತ್ರ ಬ್ಯಾಡ ಗುರು. ನಮ್ಮಪ್ಪ ಹಂಗೇ ಲೇಬಲ್ ಇಲ್ಲದ ಪ್ಲಾಸ್ಟಿಕ್ ಡಬ್ಬಿ ಪುಡಿ ತಗೊಂಡು ಎರಡೇ ವಾರಕ್ಕೆ ಕೋಟೆ ಮೆಟ್ಲು ಹತ್ತಿ ಏಕನಾಥೇಶ್ವರಿ ಗುಡಿಗೆ ಹೋಗ್ಬಂದ್ರು, ನಾವೆಲ್ಲಾ ಪವಾಡ ಅಂದ್ಕೊಂಡ್ವಿ. ಎರಡು ತಿಂಗಳಿಗೆ ಮುಖ ಬನ್ ಥರ ಊದ್ಕೊಂತು, ಶುಗರ್ 300 ದಾಟ್ತು. ಡಾಕ್ಟ್ರು ಪುಡಿ ಕೈಯಲ್ಲಿ ಹಿಡ್ಕೊಂಡೇ ಇದ್ರಲ್ಲಿ ಸ್ಟಿರಾಯ್ಡ್ ಇರೋ ಅನುಮಾನ ಅಂದ್ರು. ಅದನ್ನ ತಟ್ಟಂತ ನಿಲ್ಸೋ ಹಾಗೂ ಇಲ್ವಂತೆ, ವಾರಗಟ್ಟಲೆ ಅವ್ರೇ ನಿಧಾನಕ್ಕೆ ಇಳಿಸಿದ್ರು. ಯಾವ ಮಂಡಿ ನೋವಿನ ಪುಡಿ ನಾಕೇ ದಿನಕ್ಕೆ ಕೆಲ್ಸ ಮಾಡುತ್ತೋ ಅದಕ್ಕೇ ಹೆಚ್ಚು ಹೆದ್ರಬೇಕು.

ಫಿಸಿಯೋ ಓದ್ತಿರೋಳು
ಅಮೆರಿಕಾದಲ್ಲಿ 1583 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ರು. ದಿನಕ್ಕೆ ಗ್ಲುಕೋಸಮೈನ್ 1500 ಎಂಜಿ, ಇದ್ರ ಜೊತೆಗೇ ಮಾರೋ ಇನ್ನೊಂದು ಪದಾರ್ಥ ಕೊಂಡ್ರಾಯ್ಟಿನ್ 1200 ಎಂಜಿ, 24 ವಾರ. ಒಟ್ಟಾರೆ ಲೆಕ್ಕದಲ್ಲಿ ಔಷಧಿ ಇಲ್ಲದ ಸುಳ್ಳು ಮಾತ್ರೆಗಿಂತ ಮೇಲು ಅಂತ ಸಾಬೀತಾಗ್ಲಿಲ್ಲ. ಮಜಾ ಏನಂದ್ರೆ ಸುಳ್ಳು ಮಾತ್ರೆ ತಗೊಂಡೋರಲ್ಲೂ ನೂರಕ್ಕೆ 60 ಜನಕ್ಕೆ ನೋವು ಇಳೀತು! ಅದಕ್ಕೇ ಎಲ್ಲಾ ಡಬ್ಬಿಗೂ ನಂಗೆ ವಾಸಿ ಆಯ್ತು ಅನ್ನೋರು ಸಿಗ್ತಾರೆ. ತಗೊಳ್ಳೋದೇ ಆದ್ರೆ ಡಾಕ್ಟ್ರಿಗೆ ಹೇಳಿ ಮೂರು ತಿಂಗಳು ನೋಡಿ, ವ್ಯತ್ಯಾಸ ಕಾಣ್ದಿದ್ರೆ ಬಿಟ್ಬಿಡಿ. ಆ ಕ್ಯಾಲೆಂಡರ್ ಹಿಂದಿನ ಚೀಟಿ ಮೊದ್ಲು ಹೊರಗೆ ತೆಗೀರಿ ಅಣ್ಣ. ಕಾಲು ಚಾಚಿ ಕೂರ್ಸಿ, ಮಂಡಿ ಕೆಳಗೆ ಸುತ್ತಿದ ಟವಲ್ ಇಟ್ಟು, ಅದನ್ನ ಒತ್ತಿ ಐದು ಎಣಿಸಿ ಬಿಡೋದು, ಹತ್ತು ಸಲ. ನೆಲದ ಮೇಲೆ ಕೂತು ಪೂಜೆ ಮಾಡ್ತಾರಾ? ಮಣೆ ಬದ್ಲು ಸ್ಟೂಲ್ ಹಾಕ್ಕೊಡಿ.

ವಿದ್ಯಾನಗರ, ದಾವಣಗೆರೆ
ಅಮ್ಮಂಗೆ ಹೇಳ್ದೆ. ಬೈತಾಳೆ ಅಂದ್ಕೊಂಡಿದ್ರೆ ಐದು ನಿಮಿಷ ಸುಮ್ನಿದ್ಲು, ಆಮೇಲೆ "ಏಡಿ ಚಿಪ್ಪು ತಿಂದ್ರೆ ನನ್ನ ಮಂಡಿ ಚಿಪ್ಪು ಬೆಳೀತೈತೇನೋ?" ಅಂತ ನಕ್ಕು ಬಾಯಿ ತೊಳ್ಕೊಂಡು ಬಂದ್ಲು. ಪುಡಿ ಬ್ಯಾಡ ಅಂತ ಪಕ್ಕದ್ಮನೆಗೆ ಹೇಳಾಯ್ತು. ಸ್ಟೂಲಿಗೆ ಮಾತ್ರ ಒಪ್ತಿಲ್ಲ, ದೇವ್ರ ಮುಂದೆ ಎತ್ತರದಲ್ಲಿ ಕೂರಲ್ವಂತೆ. ಇದಕ್ಕೆ ಏನ್ ಮಾಡೋದ್ರೀ?