ಎರಡು ವಿಂಡೋದಲ್ಲಿ ದೊಡ್ಡದನ್ನು ಮೊದಲು ಮುಚ್ಚಿದೆ, 43 ಟ್ಯಾಬ್ ಮಾಯ!

ಅಡಿಕೆತೋಟ (ಬೆಳಿಗ್ಗೆ 6:50)
ವಿಂಡೋಸ್ ಲ್ಯಾಪ್‌ಟಾಪ್, ಫೈರ್‌ಫಾಕ್ಸ್. ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ ಅಂತ ಒಂದು ವಾರದಿಂದ ಕಾಲೇಜುಗಳ ಪುಟ, ಕಟ್‌ಆಫ್, ಫೀಸು ಎಲ್ಲ ತೆರೆದಿಟ್ಟಿದ್ದೆ. ಒಟ್ಟು 43 ಟ್ಯಾಬ್. ನಿನ್ನೆ ರಾತ್ರಿ ಕರೆಂಟ್ ಬಿಲ್ ಕಟ್ಟಲು ಇನ್ನೊಂದು ವಿಂಡೋ ತೆರೆದೆ. ಮಲಗುವ ಮುಂಚೆ ದೊಡ್ಡ ವಿಂಡೋ ಮುಚ್ಚಿದೆ, ಆಮೇಲೆ ಬಿಲ್ಲಿನದು. ಈಗ ನೋಡಿದರೆ ಬಿಲ್ಲಿನ ಪುಟ ಒಂದೇ ಬಂದಿದೆ! ಸೆಟ್ಟಿಂಗ್ಸ್‌ನಲ್ಲಿ 'ಓಪನ್ ಪ್ರೀವಿಯಸ್ ವಿಂಡೋಸ್ ಅಂಡ್ ಟ್ಯಾಬ್ಸ್' ಟಿಕ್ ಆಗಿಯೇ ಇದೆ. ಮಗಳಿಗೆ ಇನ್ನೂ ಹೇಳಿಲ್ಲ.

ಕೀಲಿಮಣೆ (7:15)
ಗಾಬರಿ ಬೇಡ. ಆದರೆ ಸುಮ್ನೆ ಮತ್ತೆ ಮತ್ತೆ ಮುಚ್ಚಿ ತೆರೆಯಬೇಡಿ, ಹಳೆಯ ಬ್ಯಾಕಪ್ ಮೇಲೆ ಹೊಸದು ಬರೆದುಕೊಳ್ಳುತ್ತದೆ.

ಕೊನೆಗೆ ಉಳಿದ ವಿಂಡೋ ಯಾವುದೋ ಅದನ್ನೇ ಫೈರ್‌ಫಾಕ್ಸ್ ವಾಪಸ್ ತರುತ್ತದೆ. ಮೊದಲು ಮುಚ್ಚಿದ್ದನ್ನು 'ಬೇಡ ಅಂತ ಮುಚ್ಚಿದ್ದಾರೆ' ಅಂದುಕೊಳ್ಳುತ್ತದೆ. ಅದರ ತಪ್ಪೇನಿಲ್ಲ ಬಿಡಿ. ಕಂಟ್ರೋಲ್+ಶಿಫ್ಟ್+ಎನ್ ಒತ್ತಿ. ಇಲ್ಲವೇ ಹಿಸ್ಟರಿ ಮೆನುವಿನಲ್ಲಿ 'ರೀಸೆಂಟ್ಲಿ ಕ್ಲೋಸ್ಡ್ ವಿಂಡೋಸ್' ನೋಡಿ.

ಅಲ್ಲೂ ಸಿಗದಿದ್ದರೆ ಅಡ್ರೆಸ್ ಬಾರ್‌ನಲ್ಲಿ ಅಬೌಟ್:ಸಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಒಳಗೆ 'ಸೆಷನ್‌ಸ್ಟೋರ್-ಬ್ಯಾಕಪ್ಸ್' ಅನ್ನೋ ಫೋಲ್ಡರ್ ಇರುತ್ತದೆ. ಅದನ್ನು ಪೂರ್ತಿ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಟ್ಟು ಇಲ್ಲಿ ಹೇಳಿ. ಅದರಲ್ಲಿರುವ 'ಪ್ರೀವಿಯಸ್' ಫೈಲಿನಿಂದ ಮುಂದಿನ ದಾರಿ ನೋಡೋಣ.

ಅಡಿಕೆತೋಟ (7:22)
ಫೋಲ್ಡರ್ ತನಕ ಹೋಗಲೇ ಇಲ್ಲ, ಮೂರು ಕೀ ಒತ್ತಿದ್ದೇ ವಿಂಡೋ ಬಂತು! ಆದರೆ ಹೆಸರು ಮಾತ್ರ ಕಾಣುತ್ತಿವೆ. ಒಂದು ಟ್ಯಾಬ್ ಒತ್ತಿದರೆ ಅರೆಗಳಿಗೆ ಖಾಲಿ ಬಿಳಿ. ಪುಟಗಳು ಹೋದವಾ?

ಕೀಲಿಮಣೆ (7:26)
ಇಲ್ಲ, 43 ಪುಟವನ್ನೂ ಒಟ್ಟಿಗೆ ತೆರೆದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅದಕ್ಕೇ ನೀವು ಒತ್ತಿದ್ದನ್ನು ಮಾತ್ರ ಆಗ ಲೋಡ್ ಮಾಡುತ್ತದೆ. ಲಾಗಿನ್ ಬೇಕಾದ ಪುಟಗಳು ಮತ್ತೆ ಪಾಸ್‌ವರ್ಡ್ ಕೇಳಬಹುದು, ಅಷ್ಟೇ.

ಇನ್ನು ಮೇಲೆ ಮುಚ್ಚುವಾಗ ಕಂಟ್ರೋಲ್+ಶಿಫ್ಟ್+ಕ್ಯೂ. ಎಲ್ಲ ವಿಂಡೋ ಒಟ್ಟಿಗೆ ಮುಚ್ಚುತ್ತವೆ, ಒಟ್ಟಿಗೇ ಬರುತ್ತವೆ.

ಮಜ್ಜಿಗೆಹುಳಿ (8:05)
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದರಲ್ಲಿ ಆ ಟಿಕ್ ಬಾಕ್ಸ್ ಮಂಕಾಗಿದೆ, ಒತ್ತಲು ಬರುವುದೇ ಇಲ್ಲ.

ಕೀಲಿಮಣೆ (8:11)
ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಹಿಸ್ಟರಿ 'ನೆವರ್ ರಿಮೆಂಬರ್' ಆಗಿದೆಯಾ ನೋಡಿ. ಹಾಗಿದ್ದರೆ ಯಾವಾಗಲೂ ಪ್ರೈವೇಟ್ ವಿಂಡೋದಲ್ಲಿ ಇದ್ದಂತೆಯೇ, ಟ್ಯಾಬ್ ಉಳಿಯುವುದಿಲ್ಲ. 'ರಿಮೆಂಬರ್'ಗೆ ಬದಲಿಸಿ.

ಮಜ್ಜಿಗೆಹುಳಿ (8:14)
ಅದೇ ಆಗಿತ್ತು. ಯಾರು ಮಾಡಿದ್ದು ಅಂತ ಗೊತ್ತಾಯ್ತು, ಮಗ ಈಗ ಸ್ಕೂಲಲ್ಲಿದ್ದಾನೆ.

ಅಡಿಕೆತೋಟ (8:40)
ಮಗಳು ಎದ್ದಳು, ಎಲ್ಲ ಹೇಳಿದೆ. 'ಕಂಟ್ರೋಲ್+ಶಿಫ್ಟ್+ಡಿ ಒತ್ತಿದ್ದರೆ ಎಲ್ಲ ಟ್ಯಾಬೂ ಬುಕ್‌ಮಾರ್ಕ್ ಆಗ್ತಿತ್ತಲ್ಲ' ಅಂದಳು. ಮೊದಲೇ ಅವಳನ್ನೇ ಕೇಳಬಹುದಿತ್ತು.